ಏಳನೇ ನಂಬರಿನ ಪಿಚರ್

ಮೆಲ್ಬರ್ನಿನ ಕನ್ನಡ ಬಳಗದಲ್ಲಿ ಇಂದ್ರೇಶರು ಮೂವರಿದ್ದರು. ಹಲ್ಲು ಕೀಳುವವರು ಡೆಂಟಿಸ್ಟ್ ಇಂದ್ರೇಶ್. ಸೂರಿನ ಮೇಲೆ ಫಲಕ ಕೂರಿಸುವವರು ಸೋಲಾರ್ ಇಂದ್ರೇಶ್. ಮೂರನೆಯವನು ನಮ್ಮವನು, ಕುರ್ಚಿ ಇಂದ್ರೇಶ್. ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಬಾಡಿಗೆಗೆ ಹಿಡಿದ ಸ್ಕೂಲ್ ಹಾಲಿನಲ್ಲಿ ಇನ್ನೂರೈವತ್ತು ಮಡಿಚುವ ಕುರ್ಚಿಗಳನ್ನು ಬಿಡಿಸಿ ಹಾಕುವುದೂ ಅವನೇ, ಕಾರ್ಯಕ್ರಮ ಮುಗಿದ ಮೇಲೆ ಮಡಿಚಿ ಪೇರಿಸುವುದೂ ಅವನೇ. ಹನ್ನೊಂದು ವರ್ಷದಲ್ಲಿ ಅವನು ಹಾಕಿದ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರೆ, ಕ್ಲೈಡ್ ನಾರ್ತಿನ ಅವನ ಮನೆಯಿಂದ ಗ್ಲೆನ್ ವೇವರ್ಲಿ ಸ್ಟೇಷನ್ನಿನವರೆಗೆ ಕೂತುಕೊಂಡೇ ಹೋಗಬಹುದಿತ್ತು. ಆದರೆ ವೇದಿಕೆಯ ಮೇಲಿನ ಐದು ಕುರ್ಚಿಗಳಲ್ಲಿ ಒಂದರ ಮೇಲೂ ಅವನು ಇದುವರೆಗೆ ಕೂತಿರಲಿಲ್ಲ.

ಇಂಥವನು ಬೇಸ್‌ಬಾಲ್ ಪಂಡಿತನಾದದ್ದು ಹೀಗೆ.

ಸಿಡ್ನಿಯ ಕನ್ನಡಿಗರಿಗೂ ಮೆಲ್ಬರ್ನಿನ ಕನ್ನಡಿಗರಿಗೂ ವರ್ಷಕ್ಕೊಂದು ಕ್ರಿಕೆಟ್ ಪಂದ್ಯ ನಡೆಯುತ್ತಿತ್ತು. ಹೋದ ವರ್ಷ ಒಂದು ಎಲ್‌ಬಿಡಬ್ಲ್ಯೂ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ಎರಡು ವಾಟ್ಸಾಪ್ ಗುಂಪುಗಳು ಒಡೆದು ಐದಾಗಿ, ಇನ್ನೇನು ನಿಶ್ಚಯವಾಗಬೇಕಿದ್ದ ಒಂದು ಮದುವೆ ಎಂಟು ತಿಂಗಳು ಮುಂದಕ್ಕೆ ಹೋಯಿತು. ಈ ವರ್ಷ ಅಂಥ ಅನಾಹುತ ಬೇಡವೆಂದು ಬಳಗದ ಅಧ್ಯಕ್ಷ ಡಾಕ್ಟರ್ ಮೂರ್ತಿ ತಮ್ಮ ಹಿತ್ತಲಿನ ಬಾರ್ಬೆಕ್ಯೂ ಸಭೆಯಲ್ಲಿ ಪರಿಹಾರ ಮುಂದಿಟ್ಟರು. ಮೂರ್ತಿ ಅರಿವಳಿಕೆ ತಜ್ಞರು. ಆಸ್ಪತ್ರೆಯಲ್ಲಿ ಸೂಜಿಯಿಂದ ಮಾಡುವ ಕೆಲಸವನ್ನು ಸಭೆಗಳಲ್ಲಿ ಭಾಷಣದಿಂದ ಮಾಡುತ್ತಿದ್ದರು.

"ಗೊತ್ತಿರೋ ಆಟ ಆಡಿದ್ರೆ ತಾನೇ ಜಗಳ? ಯಾರಿಗೂ ಗೊತ್ತಿಲ್ಲದ ಆಟ ಆಡೋಣ. ಬೇಸ್‌ಬಾಲ್! ಅಂಪೈರ್ ಹೇಳಿದ್ದೇ ವೇದ. ಸಿಡ್ನಿಯವರೂ ಒಪ್ಪಿದ್ದಾರೆ."

"ಬೌಲಿಂಗ್ ನಂದು," ಎಂದ ಋಷಿ. ಫಿಸಿಯೋಥೆರಪಿಸ್ಟನಾದ ಋಷಿ ಬಳಗದ ವೇಗದ ಬೌಲರ್. ಅವನು ಓಡಿಬರುವುದನ್ನು ಕಂಡರೆ ವಿಕೆಟ್ ಕೀಪರ್ ಕೂಡ ಇನ್ಶೂರೆನ್ಸ್ ನೆನೆಸಿಕೊಳ್ಳುತ್ತಿದ್ದ.

"ಬೌಲರ್ ಅಲ್ಲ, ಪಿಚರ್ ಅಂತಾರೆ. ಆಟ ಶುರು ಮಾಡೋನು ಸ್ಟಾರ್ಟಿಂಗ್ ಪಿಚರ್," ಎಂದು ಜೋಳದ ತೆನೆ ಸುಡುತ್ತಿದ್ದ ಇಂದ್ರೇಶ್ ಮೂಲೆಯಿಂದ ತಿದ್ದಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಅಂದು ಬೆಳಿಗ್ಗೆ ರೈಲಿನಲ್ಲಿ ಅವನು ಹನ್ನೆರಡು ನಿಮಿಷದ ಒಂದು ವೀಡಿಯೊ ನೋಡಿದ್ದ. ಹನ್ನೆರಡು ನಿಮಿಷದ ಜ್ಞಾನ ಬಹಳ ಬಿಸಿ ವಸ್ತು; ಬಾಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ.

"ಎಷ್ಟು ಜನರನ್ನ ಔಟ್ ಮಾಡ್ದ ಅನ್ನೋದನ್ನ ನೋಡಿ ಪಿಚರ್‌ನ ಅಳೀಬಾರ್ದು ಸಾರ್. ಔಟ್‌ನಲ್ಲಿ ಫೀಲ್ಡರ್ ಪುಣ್ಯ ಎಷ್ಟು, ಗಾಳಿ ಪುಣ್ಯ ಎಷ್ಟು, ಯಾರಿಗೆ ಗೊತ್ತು? ಚೆಂಡು ಬ್ಯಾಟಿಂದ ಹೇಗೆ ಹೊರಡ್ತು, ಅದನ್ನ ನೋಡ್ಬೇಕು. ನೆಲ ಹಿಡ್ಕೊಂಡು ಮೆತ್ತಗೆ ಹೋಯ್ತಾ, ಪಿಚರ್ ಗಟ್ಟಿಗ. ಗಾಳಿಗೆ ಹಾರ್ತಾ, ಡೇಂಜರ್. ಠಣ್ ಅಂತ ಏಟು ಬಿತ್ತಾ, ಮುಗೀತು. ಇದಕ್ಕೆ ಬ್ಯಾಟೆಡ್ ಬಾಲ್ ಸ್ಟ್ಯಾಟಿಸ್ಟಿಕ್ಸ್ ಅಂತಾರೆ."

ಹಿತ್ತಲಿನ ತಲೆಗಳೆಲ್ಲ ಅವನ ಕಡೆ ತಿರುಗಿದವು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಇಂದ್ರೇಶ್ ಮಾತಾಡಿದಾಗ ಜನ 'ಆ ಕಡೆ ಇನ್ನೆರಡು ಕುರ್ಚಿ ಹಾಕಪ್ಪ' ಎನ್ನಲಿಲ್ಲ.

"ಕುರ್ಚಿ ಎಣಿಸೋದು ಬಿಟ್ಟು ಚೆಂಡು ಎಣಿಸ್ತೀರಾ ಇಂದ್ರೇಶಣ್ಣ?" ಎಂದು ಋಷಿ ನಕ್ಕ.

ಮೂರ್ತಿ ಮಾತ್ರ ನಗಲಿಲ್ಲ. "ಸರಿ, ಪಿಚರ್‌ನ ಇವರೇ ಆರಿಸಲಿ. ನಾವು ಗೆದ್ರೆ ರಾಜ್ಯೋತ್ಸವಕ್ಕೆ ಸ್ಟೇಜ್ ಮೇಲೆ ಆರನೇ ಕುರ್ಚಿ, ಇಂದ್ರೇಶ್ ಅಂತ ಹೆಸರು ಬರೆದು. ಸೋತ್ರೆ?"

"ಸೋತ್ರೆ ನಾನು ಬದುಕಿರೋವರೆಗೂ ಬಳಗದ ಕುರ್ಚಿ ಹಾಕ್ತೀನಿ!" ಎಂದು ಇಂದ್ರೇಶ್ ಜೋಳದ ತೆನೆಯನ್ನು ಗದೆಯಂತೆ ಎತ್ತಿ ಘೋಷಿಸಿದ.

"ಅದು ಹೇಗಿದ್ರೂ ನೀವೇ ತಾನೇ ಹಾಕೋದು," ಎಂದಳು ಹೆಂಡತಿ ಹಂಸಾ.

ಆಗ ಇಂದ್ರೇಶನ ಮನೆಯಲ್ಲಿ ಅತ್ತೆ ಇದ್ದರು. ಅರಸೀಕೆರೆಯಿಂದ ಆರು ತಿಂಗಳಿಗೆಂದು ಬಂದಿದ್ದ ಭಾಗೀರಥಮ್ಮ ಅರವತ್ತಾರರ ಗಟ್ಟಿ ಜೀವ. ಅಳಿಯನೆಂದರೆ ಅವರಿಗೆ ಎಲ್ಲಿಲ್ಲದ ಮರ್ಯಾದೆ. ಎಷ್ಟು ಮರ್ಯಾದೆಯೆಂದರೆ, ಹದಿನಾಲ್ಕು ವರ್ಷದಲ್ಲಿ ಅವನೊಡನೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಅವನಿದ್ದ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿರಲಿಲ್ಲ. ಅವನು ಹಾಲಿಗೆ ಬಂದರೆ ಅವರು ಎದ್ದು ನಿಲ್ಲುವರು. ಅವರು ನಿಂತರೆಂದು ಇವನೂ ನಿಲ್ಲುವನು. ಇಬ್ಬರೂ ನಿಂತಿದ್ದಾರಲ್ಲ ಎಂದು ಹಂಸಾ ಟೀವಿ ಆರಿಸುವಳು. ಮಾತುಕತೆಯೆಲ್ಲ ಹಂಸಾಳ ಮೂಲಕ.

"ಹಂಸಾ, ಅವರಿಗೆ ಹೇಳು, ಸಾರಿಗೆ ಉಪ್ಪು ಕಮ್ಮಿಯಾಗಿದ್ರೆ ಹಾಕ್ಕೊಳ್ಳಲಿ ಅಂತ."

"ಹಂಸಾ, ಅತ್ತೆಯವರಿಗೆ ಹೇಳು, ಉಪ್ಪು ಸರಿಯಾಗಿದೆ ಅಂತ."

ಮೇಜಿನ ಅಗಲ ಮೂರಡಿ.

ಇತ್ತ ಇಂದ್ರೇಶನಿಗೆ ಶಿಫಾರಸಿನ ಕಾಟ ಶುರುವಾಯಿತು. ನನ್ನ ತಮ್ಮನನ್ನು ನೋಡಿ, ನಮ್ಮ ಬಾಡಿಗೆದಾರನನ್ನು ನೋಡಿ ಎಂದು ದಿನಕ್ಕೆ ಹತ್ತು ಫೋನು. ಕೊನೆಗೆ ಅವನು ಪಕ್ಷಪಾತಕ್ಕೆ ಒಂದು ಎಳೆಯಷ್ಟೂ ಎಡೆಯಿಲ್ಲದ ಏರ್ಪಾಡು ಮಾಡಿದ. ಕ್ಲೈಡ್ ನಾರ್ತಿನ ಮೈದಾನದಲ್ಲಿ ಶನಿವಾರ ಪರೀಕ್ಷೆ. ಎಸೆಯಬಯಸುವವರಿಗೆ ಹೆಸರಿನ ಬದಲು ನಂಬರು. ನಂಬರಿನ ಪಟ್ಟಿ ಹಂಸಾಳ ಕೈಯಲ್ಲಿ. ಫೋನಿನ ಕ್ಯಾಮೆರಾ ಹೊಡೆಯುವವನ ಕಡೆಗೆ ಮಾತ್ರ; ಎಸೆಯುವವನ ಉಗುರೂ ಕಾಣಕೂಡದು, ಯಾರ ಸದ್ದೂ ದಾಖಲಾಗಕೂಡದು. ಇಂದ್ರೇಶನಂತೂ ಮೈದಾನಕ್ಕೆ ಬೆನ್ನು ಹಾಕಿ, ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತ.

ಪರೀಕ್ಷೆಗೆ ಆರು ಜನ ಬಂದರು. ಏಳನೆಯವನಿಗೆ ಬೆಳಿಗ್ಗೆಯೇ ಬೆನ್ನು ಹಿಡಿದಿತ್ತು. ಅಷ್ಟರಲ್ಲಿ ವಾಕಿಂಗ್ ಮುಗಿಸಿ ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ತೊಟ್ಟ ಭಾಗೀರಥಮ್ಮ ಆ ದಾರಿಯಲ್ಲಿ ಬಂದರು. "ಆಂಟಿ, ನೀವೂ ಒಂದು ಕೈ ನೋಡ್ತೀರಾ?" ಎಂದು ಯಾರೋ ತಮಾಷೆಗೆ ಕೇಳಿದರು. ಭಾಗೀರಥಮ್ಮ ಚೆಂಡನ್ನು ತೂಗಿ ನೋಡಿದರು. ಅರಸೀಕೆರೆಯ ಮಾಳಿಗೆಯ ಮೇಲೆ ನಲವತ್ತು ಬೇಸಿಗೆ ಸಂಡಿಗೆ ಕಾಯ್ದು, ನೀರಿನ ಟ್ಯಾಂಕಿನ ಮೇಲೆ ಕೂತ ಕೋತಿಯ ಬಾಲದ ಪಕ್ಕಕ್ಕೇ ಕಲ್ಲು ಬೀಳಿಸಿದ ಕೈ ಅದು. ಸೆರಗು ಸಿಕ್ಕಿಸಿ ಇಪ್ಪತ್ತು ಚೆಂಡು ಎಸೆದರು. ಇಪ್ಪತ್ತೂ ನೆಟ್ಟಗೆ ಹೋದವು.

ಇನ್ನು ಹೊಡೆಯುವವರು. ಋಷಿಯ ಚೆಂಡನ್ನು ಪಕ್ಕದ ಬೀದಿಯ ಈಜುಕೊಳಕ್ಕೆ ಅಟ್ಟಿದ್ದ ಕಲಿಗಳೇ ಅವರು. ಆದರೆ ಎದುರಿಗೆ ನಿಂತಿರುವುದು ಹಂಸಾಳ ಅಮ್ಮ; ಹೋದ ವಾರ ತಾನೇ ಅವರ ಕೈಯ ಹೋಳಿಗೆ ತಿಂದಾಗಿದೆ. ಅವರ ಮುಖದ ಕಡೆಗೆ ಚೆಂಡು ಬಾರಿಸುವುದುಂಟೇ? ಒಬ್ಬೊಬ್ಬರೂ ಬ್ಯಾಟನ್ನು ಮುಂದಿಟ್ಟು, ದೇವರಿಗೆ ಹೂವೇರಿಸಿದ ಹಾಗೆ ಚೆಂಡನ್ನು ನೆಲಕ್ಕೆ ಇಳಿಸಿ, "ಸೂಪರ್ ಆಂಟಿ!" ಎಂದರು.

ರಾತ್ರಿ ಊಟಕ್ಕೆ ಮುಂಚೆ ಇಂದ್ರೇಶ್ ಲ್ಯಾಪ್‌ಟಾಪಿನ ಮುಂದಿನಿಂದ ಕುಪ್ಪಳಿಸಿ ಎದ್ದ.

"ಹಂಸಾ! ಏಳನೇ ನಂಬರು ಮನುಷ್ಯನಲ್ಲ ಕಣೇ, ಅವತಾರ! ನೆಲಚೆಂಡು ನೂರಕ್ಕೆ ನೂರು. ಗಾಳಿಚೆಂಡು ಸೊನ್ನೆ. ಗಟ್ಟಿ ಏಟು ಸೊನ್ನೆ! ಮೂರನೇ ನಂಬರಿಂದು ಗಟ್ಟಿ ಏಟೇ ನೂರಕ್ಕೆ ಅರವತ್ತು. ಅಮೆರಿಕದಲ್ಲೂ ಇಂಥ ಅಂಕಿ ಇರಲ್ಲ."

"ರೀ, ಏಳನೇ ನಂಬರು ಯಾರು ಗೊತ್ತಾ?"

"ಹೇಳ್ಬೇಡ!" ಇಂದ್ರೇಶ್ ಎರಡೂ ಕಿವಿಗೆ ಬೆರಳಿಟ್ಟುಕೊಂಡ. "ಹೆಸರು ಕೇಳಿದ್ರೆ ವಿಜ್ಞಾನ ಕೆಡುತ್ತೆ."

"ರೀ, ಒಂದ್ನಿಮಿಷ ಕೇಳ್ರೀ..."

"ಲಲಲಲಾ!" ಎನ್ನುತ್ತ ವಿಜ್ಞಾನಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಹಂಸಾ ಎರಡು ನಿಮಿಷ ಕಾದು ಚಪಾತಿ ಲಟ್ಟಿಸಲು ಹೋದಳು. ಅವಳ ಭುಜಗಳು ನಗೆಯಿಂದ ಕುಲುಕುತ್ತಿದ್ದವು.

ಮರುದಿನ ಸಂಜೆ ಮೂರ್ತಿಯವರ ಹಾಲಿನಲ್ಲಿ ಬಳಗವೆಲ್ಲ ನೆರೆಯಿತು. ಒಳಗೆ ಅಡುಗೆಮನೆಯಲ್ಲಿ ಹೆಂಗಸರು, ಅವರ ನಡುವೆ ಭಾಗೀರಥಮ್ಮ. ಇಂದ್ರೇಶ್ ಪರದೆಯ ಮೇಲೆ ಹದಿನೇಳು ಬಣ್ಣದ ಚಿತ್ರಗಳನ್ನು ತೋರಿಸಿ, ಹಂಸಾ ಕೊಟ್ಟ ಮುಚ್ಚಿದ ಲಕೋಟೆಯನ್ನು ಎತ್ತಿ ಹಿಡಿದ.

"ಈ ಮಹಾನುಭಾವರು ಯಾರು ಅಂತ ನನಗೂ ಗೊತ್ತಿಲ್ಲ. ಜಾತಿ ಇಲ್ಲ, ಸಬರ್ಬ್ ಇಲ್ಲ, ಸಂಬಂಧ ಇಲ್ಲ. ಅಂಕಿ ಮಾತ್ರ! ಮೆಲ್ಬರ್ನ್ ಕನ್ನಡ ಬಳಗದ ಸ್ಟಾರ್ಟಿಂಗ್ ಪಿಚರ್..." ಚೀಟಿ ಬಿಚ್ಚಿದ. "ಶ್ರೀಮತಿ ಭಾಗೀ..."

ಉಳಿದ ಅಕ್ಷರಗಳು ಗಂಟಲಲ್ಲೇ ಕೂತವು. ಅವಕ್ಕಾದರೂ ಕೂರಲು ಜಾಗ ಸಿಕ್ಕಿತು.

"ಸಂಬಂಧ ಇಲ್ಲ ಅಂದ್ರಲ್ಲ," ಎಂದರು ಮೂರ್ತಿ ನಿಧಾನವಾಗಿ. "ಅದು ನಿಮ್ಮತ್ತೆ ಅಲ್ವೇನ್ರೀ?"

"ಅಯ್ಯೋ ದೇವರೇ!" ಋಷಿ ಎದ್ದು ನಿಂತ. "ಗಂಟೆಗೆ ನೂರ ಇಪ್ಪತ್ತು ಕಿಲೋಮೀಟರ್ ಎಸೀತೀನಿ ನಾನು. ನನ್ನ ಬಿಟ್ಟು ಅತ್ತೇನಾ? ನಾಳೆ ಕ್ಯಾಪ್ಟನ್ ಯಾರು, ನಿಮ್ಮ ಷಡ್ಡಕನಾ?"

"ಸಿಡ್ನಿಯವರು ನಗ್ತಾರೆ ಕಣ್ರೀ!" ಎಂದರು ಡೆಂಟಿಸ್ಟ್ ಇಂದ್ರೇಶ್, ತಾವೇ ಮೊದಲು ನಗುತ್ತ.

ನಮ್ಮ ಇಂದ್ರೇಶ್ ಚೀಟಿಯನ್ನು ಮಡಿಚಿದ. ಲೆಕ್ಕದಲ್ಲಿ ಏನೋ ತಪ್ಪಾಗಿದೆ, ಋಷಿಯೇ ಆಡಲಿ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲ ಹಿಂದಿನಿಂದ ಧ್ವನಿ ಬಂತು.

"ಹಂಸಾ, ಕೇಳೇ, ಅವರು ನಿಜವಾಗ್ಲೂ ನನ್ನ ಹೆಸರೇ ಹೇಳಿದ್ರಾ? ಇಷ್ಟು ಜನದ ಮುಂದೆ?"

ಆ ಧ್ವನಿಯಲ್ಲಿ ಅಂಥ ಹಿಗ್ಗು ಇಂದ್ರೇಶ್ ಎಂದೂ ಕೇಳಿರಲಿಲ್ಲ. ಅವನ ತೆರೆದ ಬಾಯಿಂದ ಬೇರೆಯೇ ಮಾತು ಹೊರಟಿತು.

"ಹೌದು! ಅಂಕಿ ಸುಳ್ಳು ಹೇಳಲ್ಲ. ಅತ್ತೆಯವರೇ ಪಿಚರ್!"

ಈಗ ಪಣಕ್ಕೆ ಬಿದ್ದಿದ್ದು ಆರನೇ ಕುರ್ಚಿಯೊಂದೇ ಅಲ್ಲ. ಸಿಡ್ನಿಯಲ್ಲಿ ಚೆಂಡಿಗೆ ಏಟು ಬಿದ್ದರೆ ಅತ್ತೆಯ ಮಾನವೂ ಅದರ ಜೊತೆ ಬೌಂಡರಿ ದಾಟುತ್ತಿತ್ತು. ಆಮೇಲೆ ಹಂಸಾಳ ಮೂಲಕ ಬರುವ ಮಾತುಗಳೂ ನಿಂತುಹೋಗುತ್ತಿದ್ದವು.

ಪಂದ್ಯ ಅಕ್ಟೋಬರಿನ ಒಂದು ಭಾನುವಾರ, ಸಿಡ್ನಿಯ ರೌಸ್ ಹಿಲ್ ಪಕ್ಕದ ಮೈದಾನದಲ್ಲಿ. ಮೂರೇ ಇನಿಂಗ್ಸಿನ ಪುಟ್ಟ ಆಟ. ಅಂಪೈರ್ ಗ್ರೆಗ್ ಎಂಬ ಕೆಂಪು ಮುಖದ ಸ್ಥಳೀಯ. ಅವನು ಎರಡೂ ತಂಡಗಳನ್ನು ನಿಲ್ಲಿಸಿಕೊಂಡು ಪಾಠ ಹೇಳಿದ: ಹೊಡೆದವನು ಒಂದು, ಎರಡು, ಮೂರನೇ ಬೇಸ್ ಮುಟ್ಟಿ ಹೊರಟ ಜಾಗಕ್ಕೇ ಮರಳಿದರೆ ಒಂದು ರನ್. ಅವನಿಗಿಂತ ಮೊದಲು ಚೆಂಡು ಮೊದಲ ಬೇಸ್ ತುಳಿದು ನಿಂತವನ ಕೈ ಸೇರಿದರೆ ಔಟ್; ಅವನು ಬೇಸಿನಿಂದ ಆಚೆಗಿರುವಾಗ ಚೆಂಡು ಹಿಡಿದ ಕೈಯಿಂದ ಅವನನ್ನು ಮುಟ್ಟಿದರೂ ಔಟ್. ಮೂವರು ಔಟಾದರೆ ಇನಿಂಗ್ಸ್ ಮುಗಿಯಿತು.

ಮೆಲ್ಬರ್ನಿನವರು ಮೊದಲು ಆಡಿ, ಋಷಿಯ ಒಂದು ಹೊಡೆತದಿಂದ ಹೇಗೋ ಒಂದು ರನ್ ಮಾಡಿದರು. ಆಮೇಲೆ ಭಾಗೀರಥಮ್ಮ ಇಳಕಲ್ ಸೀರೆಯ ಮೇಲೆ ಬಳಗದ ಟೋಪಿ ಧರಿಸಿ ಎಸೆಯುವ ದಿಬ್ಬ ಹತ್ತಿದರು. ಮೊದಲ ಬೇಸಿನಲ್ಲಿ ನಿಂತಿದ್ದ ಇಂದ್ರೇಶ್ ಕಣ್ಣು ಮುಚ್ಚಿಕೊಂಡ.

ಸಿಡ್ನಿಯ ಕ್ಯಾಪ್ಟನ್ ಸುಧನ್ವ ಜಿಮ್ಮಿನಲ್ಲಿ ಬೆಳೆಸಿದ ತೋಳು ತಿರುಗಿಸುತ್ತ ಬಂದ. ದಿಬ್ಬದ ಮೇಲೆ ಯಾರು ನಿಂತಿದ್ದಾರೆಂದು ಕಂಡಿದ್ದೇ ತಡ, ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿ ಹತ್ತಿರ ಹೋದ.

"ನಮಸ್ಕಾರ ಆಂಟಿ. ನಿಮ್ಮದು ಯಾವೂರಾಯ್ತು?"

"ಅರಸೀಕೆರೆ ಕಣಪ್ಪ. ನಿಂದು?"

"ಅಯ್ಯೋ, ನಮ್ಮಮ್ಮಂದು ತಿಪಟೂರು!" ಎಂದು ಕಾಲಿಗೆ ಬಿದ್ದ.

"ಹೇ! ಡೋಂಟ್ ಟಚ್ ದ ಪಿಚರ್, ಮೇಟ್!" ಎಂದು ಗ್ರೆಗ್ ಸೀಟಿ ಊದಿದ.

ತಿಪಟೂರಿನ ಮೊಮ್ಮಗ ಅರಸೀಕೆರೆಯ ಚೆಂಡನ್ನು ಹೇಗೆ ಬಾರಿಸಿಯಾನು? ಮೆತ್ತಗೆ ನೆಲಕ್ಕೆ ತಟ್ಟಿದ, ಔಟಾದ. ಎರಡನೆಯವನು ಕೈಮುಗಿದು ಔಟಾದ. ಮೂರನೆಯವನು ಚೆಂಡು ತಟ್ಟಿದ ಮೇಲೆ ಓಡಲೂ ಇಲ್ಲ, "ಬಿಸಿಲಿದೆ ಆಂಟಿ, ನೀರು ಕುಡಿದ್ರಾ?" ಎಂದು ವಿಚಾರಿಸುತ್ತ ನಿಂತಲ್ಲೇ ಔಟಾದ. ಎರಡು ಇನಿಂಗ್ಸ್ ಕಳೆಯುವುದರೊಳಗೆ ಗ್ರೆಗ್ ಚೆಂಡನ್ನು ನಾಲ್ಕು ಸಲ ಇಸಿದುಕೊಂಡು, ಮೂಸಿ ನೋಡಿ, ಏನಾದರೂ ಸವರಿದ್ದಾರೆಯೇ ಎಂದು ಪರೀಕ್ಷಿಸಿದ. ಇಂಗಿನ ವಾಸನೆ ಬಿಟ್ಟರೆ ಬೇರೇನೂ ಸಿಗಲಿಲ್ಲ. "ಇಪ್ಪತ್ತು ವರ್ಷದಲ್ಲಿ ಇಂಥ ಪಿಚರ್ ನೋಡಿಲ್ಲ," ಎಂದು ಇಂಗ್ಲಿಷಿನಲ್ಲಿ ಗೊಣಗಿದ.

ಇಂದ್ರೇಶ್ ಕಣ್ಣು ತೆರೆದ. ಎದೆ ಉಬ್ಬಿಸಿದ. "ನೆಲಚೆಂಡು ನೂರಕ್ಕೆ ನೂರು!" ಎಂದು ಎರಡನೇ ಬೇಸಿನಲ್ಲಿದ್ದ ಋಷಿಗೆ ಕೂಗಿದ. ಋಷಿ ಅಲ್ಲಿಂದಲೇ ಕೈಮುಗಿದ.

ಕೊನೆಯ ಇನಿಂಗ್ಸಿನಲ್ಲಿ ಇಬ್ಬರು ಔಟಾದರು. ಇನ್ನೊಬ್ಬ ಔಟಾದರೆ ಪಂದ್ಯ ಮೆಲ್ಬರ್ನಿನದು. ಆಗ ಸಿಡ್ನಿಯ ಪಾಳಯದಲ್ಲಿ ಗುಸುಗುಸು ಎದ್ದಿತು. ಸುಧನ್ವ ಟೆಂಟಿನೊಳಗೆ ನುಗ್ಗಿ, ಬೋಂಡ ತಿನ್ನುತ್ತಿದ್ದ ಒಬ್ಬ ಹಿರಿಯರ ಕೈಗೆ ಬ್ಯಾಟು ಕೊಟ್ಟು ಕರೆದುಕೊಂಡು ಬಂದ.

ಶಿವಲಿಂಗಪ್ಪನವರಿಗೆ ಎಪ್ಪತ್ತೊಂಬತ್ತು. ಮೈಸೂರಿನಲ್ಲಿ ಪಿಡಬ್ಲ್ಯೂಡಿ ಇಂಜಿನಿಯರ್ ಆಗಿ ನಿವೃತ್ತರಾಗಿ, ರೌಸ್ ಹಿಲ್‌ನಲ್ಲಿ ಮಗಳ ಮನೆಯಲ್ಲಿದ್ದರು. ತಲೆಗೆ ಮಫ್ಲರ್, ಕಾಲಿಗೆ ಬಾಟಾ ಚಪ್ಪಲಿ.

"ಎದುರಿಗೆ ಹಿರಿಯರು ಅಂತ ತಾನೇ ಈ ಗತಿ?" ಎಂದ ಸುಧನ್ವ. "ನಮ್ಮ ಹತ್ರ ಇನ್ನೂ ಹಿರಿಯರಿದ್ದಾರೆ!"

ಭಾಗೀರಥಮ್ಮ ಗಲಿಬಿಲಿಗೊಂಡು ಸೆರಗು ಹೊದ್ದರು. ತಮಗಿಂತ ದೊಡ್ಡವರ ಮೇಲೆ ಚೆಂಡು ಬೀಸುವುದೇ? ಪ್ರಸಾದದ ಹೂವಿನಂತೆ ಮೆಲ್ಲಗೆ ತೂರಿದರು. ಶಿವಲಿಂಗಪ್ಪನವರ ಬ್ಯಾಟಿಗೆ ಚೆಂಡೇ ಬಂದು ತಗುಲಿ, ಉರುಳುತ್ತ ಮೂರನೇ ಬೇಸಿನವನ ಕೈ ಸೇರಿತು. ಅವನು ಇಂದ್ರೇಶನಿಗೆ ಎಸೆದ. ಇಂದ್ರೇಶ್ ಹಿಡಿದ! ಬೇಸ್ ತುಳಿದುಕೊಂಡು ನಿಂತಿದ್ದರೆ ಸಾಕಿತ್ತು, ಆಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎದುರಿನಿಂದ ಹಿರಿಯರು ಬರುವುದನ್ನು ಕಂಡು ಅವನ ಕಾಲು ತಾನಾಗಿ ಪಕ್ಕಕ್ಕೆ ಸರಿದಿತ್ತು.

"ಬನ್ನಿ ಸಾರ್, ಬನ್ನಿ. ನಿಧಾನ."

"ಥ್ಯಾಂಕ್ಸ್ ಕಣಪ್ಪ," ಎಂದು ಶಿವಲಿಂಗಪ್ಪನವರು ಬೇಸ್ ಮೆಟ್ಟಿ, ಅಲ್ಲಿ ನಿಲ್ಲದೆ ಮುಂದೆ ನಡೆದರು. ಹೇಗಿದ್ದರೂ ಸಂಜೆಯ ವಾಕಿಂಗಿನ ಹೊತ್ತು.

"ಮುಟ್ರೀ ಇಂದ್ರೇಶ್, ಮುಟ್ರೀ!" ಎಂದು ಮೂರ್ತಿ ಗಂಟಲು ಹರಿದುಕೊಂಡರು. ಅರಿವಳಿಕೆಯವರು ಅಷ್ಟು ಎಚ್ಚರದಿಂದ ಇದ್ದದ್ದನ್ನು ಯಾರೂ ಕಂಡಿರಲಿಲ್ಲ.

ಇಂದ್ರೇಶ್ ಚೆಂಡು ಹಿಡಿದು ಹಿರಿಯರ ಪಕ್ಕದಲ್ಲೇ ನಡೆದ. ಮುಟ್ಟುವುದು ಹೇಗೆ? ಬೆನ್ನಿಗೆ ಮುಟ್ಟಿದರೆ ಬಿದ್ದಾರು. ಭುಜ ತಟ್ಟಲು ತಾನು ಅವರ ಸಾಹೇಬನೇ? ಋಷಿ ಎರಡನೇ ಬೇಸಿನಿಂದ ದೂರ ಸರಿದು ನೀರಿನ ಬಾಟಲಿ ಕೊಟ್ಟ. ಶಿವಲಿಂಗಪ್ಪನವರು ಎರಡು ಗುಟುಕು ಕುಡಿದು, ಮೂರನೇ ಬೇಸಿನ ಬಳಿ ನಿಂತು ಚಪ್ಪಲಿಯ ತುದಿಯಿಂದ ನೆಲ ಕೆದಕಿದರು.

"ಲೆವೆಲ್ ಸರಿಯಿಲ್ಲವಲ್ಲ. ಇಲ್ಲಿ ಮಳೆ ನೀರು ನಿಲ್ಲುತ್ತೆ. ಕಂಟ್ರಾಕ್ಟರ್ ಯಾರಪ್ಪ?"

"ಗೊತ್ತಿಲ್ಲ ಸಾರ್. ಹಳ್ಳ ಇದೆ, ಈ ಕಡೆ ಬನ್ನಿ," ಎಂದ ಇಂದ್ರೇಶ್. ಗ್ರೆಗ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಸಿಡ್ನಿಯವರು ಕುಣಿಯತೊಡಗಿದರು. ಇನ್ನು ಹತ್ತು ಹೆಜ್ಜೆ ನಡೆದರೆ ಸಮ. ದಿಬ್ಬದ ಮೇಲೆ ಭಾಗೀರಥಮ್ಮ ಸೆರಗಿನ ತುದಿ ಕಚ್ಚಿ ನಿಂತಿದ್ದರು. ಆರನೇ ಕುರ್ಚಿ ಮಡಿಚಿಕೊಂಡು ಹೋಗುವುದು ಇಂದ್ರೇಶನ ಕಣ್ಣಿಗೆ ಕಟ್ಟುತ್ತಿತ್ತು.

ಕೊನೆಯ ಬೇಸಿಗೆ ಒಂದೇ ಹೆಜ್ಜೆ ಇರುವಾಗ ಶಿವಲಿಂಗಪ್ಪನವರು ನಿಂತರು. ತಿರುಗಿದರು. ಇಡೀ ಮೈದಾನ ತಮ್ಮ ಜೊತೆ ನಡೆದುಬಂದವನನ್ನು ಕನ್ನಡಕದ ಮೇಲಿನಿಂದ ನೋಡಿ ಅವರ ಮನಸ್ಸು ತುಂಬಿ ಬಂತು.

"ಈ ಕಾಲದಲ್ಲಿ ಇಷ್ಟು ಮರ್ಯಾದೆ ಯಾರಿಗಿದೆ? ಒಳ್ಳೇ ಮನೆತನದ ಹುಡುಗ ಕಣಯ್ಯ ನೀನು. ನಿನಗೆ ಜಯವಾಗಲಿ!" ಎಂದು ಬಲಗೈ ಎತ್ತಿದರು.

ಹಿರಿಯರು ಕೈ ಎತ್ತಿ ಹರಸಿದರೆ ಇಂದ್ರೇಶನ ಬೆನ್ನು ಯಾರ ಅಪ್ಪಣೆಗೂ ಕಾಯುವುದಿಲ್ಲ. ತಟ್ಟನೆ ಬಾಗಿದ, ಎರಡೂ ಕೈಗಳಿಂದ ಅವರ ಪಾದ ಮುಟ್ಟಿದ. ಬಲಗೈಯಲ್ಲಿ ಚೆಂಡಿತ್ತು.

"ಔಟ್!" ಎಂದು ಗ್ರೆಗ್ ಚೀರಿದ.

ಇಡೀ ಮೈದಾನ ಒಟ್ಟಿಗೇ ಬಾಯಿಬಿಟ್ಟಿತು.

"ಇದು ಮೋಸ! ನಮಸ್ಕಾರದ ನೆಪದಲ್ಲಿ ಔಟ್!" ಎಂದು ಸುಧನ್ವ ಹಾರಾಡಿದ. "ನೀವೇ ಹೇಳಿ ಇಂದ್ರೇಶ್, ಕಾಲಿಗೆ ಬಿದ್ದದ್ದು ಭಕ್ತಿಯಿಂದಲೋ, ಬೇಕಂತಲೋ?"

ಬೇಕಂತಲೇ ಎಂದರೆ ನಮಸ್ಕಾರ ಸುಳ್ಳಾಗುತ್ತದೆ. ಭಕ್ತಿಯಿಂದ ಎಂದರೆ ಗೆಲುವು ಬರಿಯ ಆಕಸ್ಮಿಕವಾಗುತ್ತದೆ. ಇಂದ್ರೇಶ್ ಬಾಗಿದವನು ಬಾಗಿಯೇ ಇದ್ದ. ಎದ್ದರೆ ಉತ್ತರ ಕೊಡಬೇಕಲ್ಲ!

"ಗಲಾಟೆ ಮಾಡಬೇಡ್ರೋ," ಎಂದರು ಶಿವಲಿಂಗಪ್ಪನವರು. "ಜಯವಾಗಲಿ ಅಂತ ಹರಸಿದೀನಿ. ಆಗಿದೆ. ಎಂಬತ್ತರ ಹತ್ತಿರ ಬಂದೋನು ಆಶೀರ್ವಾದ ವಾಪಸ್ ತಗೊಳ್ಳಕ್ಕಾಗುತ್ತಾ? ನಡೀರಿ, ಬೋಂಡ ಆರಿಹೋಗುತ್ತೆ."

ಅದರ ಮೇಲೆ ಅಪೀಲಿಗೆ ಜಾಗವಿರಲಿಲ್ಲ. ಬೋಂಡದ ಜೊತೆ ಜಗಳವೂ ಖರ್ಚಾಯಿತು.

ನವೆಂಬರಿನ ರಾಜ್ಯೋತ್ಸವದಲ್ಲಿ ವೇದಿಕೆಯ ಮೇಲೆ ಆರು ಕುರ್ಚಿಗಳಿದ್ದವು. ಆರನೆಯದರ ಬೆನ್ನಿಗೆ 'ಇಂದ್ರೇಶ್' ಎಂಬ ಚೀಟಿ. ಆರನ್ನೂ, ಕೆಳಗಿನ ಇನ್ನೂರೈವತ್ತನ್ನೂ ಬೆಳಿಗ್ಗೆ ಹಾಕಿದವನು ಅವನೇ ಎಂಬುದು ಬೇರೆ ಮಾತು. ಹೆಸರು ಕೂಗಿದರು. ಇಂದ್ರೇಶ್ ಹೊಸ ಜುಬ್ಬಾದಲ್ಲಿ ಮೆಟ್ಟಿಲು ಹತ್ತಿ, ಹನ್ನೊಂದು ವರ್ಷದ ಆಸೆಯನ್ನು ಆ ಕುರ್ಚಿಯ ಮೇಲೆ ಇಳಿಸಿದ.

"ಈಗ ನಮ್ಮ ಸ್ಟಾರ್ಟಿಂಗ್ ಪಿಚರ್ ಭಾಗೀರಥಮ್ಮನವರಿಗೆ ಸನ್ಮಾನ!" ಎಂದರು ಮೂರ್ತಿ.

ಇಂದ್ರೇಶ್ ಧಡಕ್ಕನೆ ಎದ್ದ. ಅವನು ಕೂತಿದ್ದದ್ದು ಒಟ್ಟು ಹನ್ನೊಂದು ಸೆಕೆಂಡು, ವರ್ಷಕ್ಕೊಂದರಂತೆ.

ಶಾಲು ಹೊದಿಸಿದರು, ಹಾರ ಹಾಕಿದರು. ಏಳನೇ ಕುರ್ಚಿ ಇರಲಿಲ್ಲ. ಇಂದ್ರೇಶ್ ತನ್ನ ಕುರ್ಚಿ ತೋರಿಸಿದ. ಅಳಿಯನೆದುರು ಕೂರುವುದುಂಟೇ? ಭಾಗೀರಥಮ್ಮ ಮುಂದಿನ ಸಾಲಿನಲ್ಲಿದ್ದ ಮಗಳಿಗೆ ಪಿಸುಗುಟ್ಟಿದರು, "ಹಂಸಾ, ಅವರಿಗೆ ಕೂತ್ಕೊಳ್ಳಲಿ ಅಂತ ಹೇಳು."

"ಹಂಸಾ, ಅತ್ತೆಯವರು ಕೂತ್ಕೊಳ್ಳಲಿ ಅಂತ ಹೇಳು."

"ನನ್ನ ಕೈಲಿ ಆಗಲ್ಲಪ್ಪ," ಎಂದಳು ಹಂಸಾ, ಕೆಳಗೆ ಆರಾಮವಾಗಿ ಕೂತು.

ಅಷ್ಟರಲ್ಲಿ ಮೂರ್ತಿಯವರ ಭಾಷಣ ಆರಂಭವಾಯಿತು. ನಲವತ್ತು ನಿಮಿಷ. ಅತ್ತೆ ಆ ಕಡೆ, ಅಳಿಯ ಈ ಕಡೆ, ನಡುವೆ ಖಾಲಿ ಕುರ್ಚಿ. ಸಭಿಕರು ಒಬ್ಬೊಬ್ಬರಾಗಿ ತೂಕಡಿಸಿದರು; ಇವರಿಬ್ಬರು ಮಾತ್ರ ದ್ವಾರಪಾಲಕರಂತೆ ನೆಟ್ಟಗೆ ನಿಂತಿದ್ದರು. ಭಾಷಣ ಮುಗಿದು, ಚಪ್ಪಾಳೆ ಬಿದ್ದು, ಜನ ಊಟಕ್ಕೆ ಎದ್ದದ್ದೇ ತಡ, ಇಂದ್ರೇಶನ ಕೈಗಳು ತಮಗೆ ತಾವೇ ಆರನೇ ಕುರ್ಚಿಯನ್ನು ಮಡಿಚಿ ಎತ್ತಿಕೊಂಡವು.

ಭಾಗೀರಥಮ್ಮ ಹಂಸಾಳ ಕಡೆ ನೋಡಿದರು. ಹಂಸಾ ಆಗಲೇ ಊಟದ ಸಾಲಿನಲ್ಲಿದ್ದಳು. ಅವರು ಶಾಲನ್ನು ಸೊಂಟಕ್ಕೆ ಬಿಗಿದು, ಪಕ್ಕದ ಕುರ್ಚಿಯನ್ನು ಫಟ್ಟೆಂದು ಮಡಿಚಿದರು.

"ನಡೀರಿ," ಎಂದರು, ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿ ನೇರವಾಗಿ ಅಳಿಯನ ಮುಖ ನೋಡಿ. "ಕೆಳಗೆ ಇನ್ನೂ ಇನ್ನೂರೈವತ್ತು ಇವೆ. ನೀವು ಮಡಿಚಿ ಮಡಿಚಿ ಇತ್ತ ತಳ್ಳಿ. ಪೇರಿಸೋದು ನಾನು. ನನ್ನ ಗುರಿ ಹೇಗಿದೆ ಅಂತ ನಿಮಗೆ ಗೊತ್ತಲ್ಲ."